ಅರ್ಧ ಟ್ರೇ ಹೂಕೋಸು

ಕಂಬಳಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೂಕೋಸಿನ ವಿಷಯಕ್ಕೆ ಬಂದರೆ ಅತ್ತಿಗೆಯ ಮಾತೇ ಕೊನೆಯ ಮಾತು. ದಿನಕ್ಕೆ ಇನ್ನೂರ ನಲವತ್ತು ಜನ ಉಣ್ಣುವ ಜಾಗ ಅದು. ಹತ್ತೊಂಬತ್ತು ವರ್ಷದಿಂದ ಆಕೆಯೇ ಅಲ್ಲಿನ ಹಿರಿಯ ಅಡುಗೆಯವಳು. ಅತ್ತಿಗೆ ಎಂದು ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬಳಿಗೇ, ಕೈಕೆಳಗೆ ಎರಡನೆಯ ಅಡುಗೆಯವಳಾಗಿದ್ದ ನಾದಿನಿಗೆ, ಅಂದರೆ ಆಕೆಯ ಗಂಡನ ತಂಗಿಗೆ. ಆದರೆ ಕೇಳಿ ಕೇಳಿ ಮ್ಯಾನೇಜರನಿಂದ ಹಿಡಿದು ತರಕಾರಿ ವ್ಯಾನಿನ ಡ್ರೈವರನವರೆಗೆ ಎಲ್ಲರಿಗೂ ಆಕೆ ಅತ್ತಿಗೆಯೇ ಆಗಿಹೋಗಿದ್ದಳು. ಗಂಡ ತೀರಿಕೊಂಡು ಎಂಟು ವರ್ಷ, ಮಕ್ಕಳಿರಲಿಲ್ಲ. ನಾದಿನಿ ಮದುವೆಯಾದ ಒಂದೂವರೆ ವರ್ಷಕ್ಕೇ "ಸಾಕಪ್ಪಾ ಸಾಕು" ಎಂದು ಪೆಟ್ಟಿಗೆ ಹೊತ್ತುಕೊಂಡು ವಾಪಸು ಬಂದವಳು. ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಇದ್ದರು, ಒಂದೇ ಬಸ್ಸಿಗೆ ಕೆಲಸಕ್ಕೆ ಹೋಗುತ್ತಿದ್ದರು, ದಿನಕ್ಕೆರಡು ಸಲ ಜಗಳವಾಡುತ್ತಿದ್ದರು.

ಜಗಳವೆಲ್ಲ ಬಹುಪಾಲು ಅಳತೆಯದ್ದೇ. ನಾದಿನಿಗೆ ಕಣ್ಣಳತೆ ಸಾಕು, ಅತ್ತಿಗೆಗೆ ತಕ್ಕಡಿಯೇ ಆಗಬೇಕು. ಅಡುಗೆಮನೆಯ ಗೋಡೆಗೆ ಆಕೆ ತನ್ನ ಕೈಬರಹದ ಒಂದು ಹಾಳೆ ಅಂಟಿಸಿದ್ದಳು. ಒಂದು ಹೂ ಎಲೆ ಸಮೇತ ಒಂದು ಕೆಜಿ. ಎಲೆ, ದಂಟು ತೆಗೆದರೆ ಆರುನೂರು ಗ್ರಾಂ. ಬಿಡಿಸಿದರೆ ಆರು ಲೋಟ. ಓವನ್ನಿನಲ್ಲಿ ಹುರಿದರೆ ಮೂರೂವರೆ ಲೋಟ. ಒಂದು ಹೂವಿಗೆ ನಾಲ್ಕು ಜನ. ಐದು ಹೂವಿಗೆ ಒಂದು ಟ್ರೇ, ಟ್ರೇಗೆ ಮೂರು ಕೆಜಿ. ಗುರುವಾರಕ್ಕೆ ಅರವತ್ತು ಹೂ, ಹನ್ನೆರಡು ಟ್ರೇ. ಹೊಸಬರು ಯಾರಾದರೂ "ಒಂದು ಲೋಟ ಅಂದ್ರೆ ತುಂಬ್ಸಿ ಒತ್ತಬೇಕಾ, ಹಾಗೇ ಹಾಕಬೇಕಾ?" ಎಂದು ಕೇಳಿದರೆ ಆಕೆಗೆ ಹಬ್ಬ. ಅರ್ಧ ಗಂಟೆ ಪಾಠ ಮಾಡುತ್ತಿದ್ದಳು. ಬರೀ ಹಾಳೆ ಸಾಲದೆಂದು ಒಂದು ಪುಸ್ತಕವನ್ನೂ ಇಟ್ಟಿದ್ದಳು. ಎಡಗಡೆ ಹೊತ್ತು, ನಡುವೆ ಟ್ರೇ ನಂಬರು, ಬಲಗಡೆ ತೂಕ. ಒಂದು ಟ್ರೇ ತುಂಬಿತು ಎಂದರೆ ಗೋಡೆಯ ಗಡಿಯಾರ ನೋಡಿ ಬರೆಯಲೇಬೇಕು.

ಆ ಗುರುವಾರ ಬೆಳಿಗ್ಗೆಯೂ ಇದೇ ಮಾತಿಗೆ ಶುರುವಾಯಿತು. ಡ್ರೈವರು ಅರವತ್ತು ಹೂ ತಂದು ಉದ್ದನೆಯ ಸ್ಟೀಲ್ ಮೇಜಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಸುರಿದು ಹೋಗಿದ್ದ. ನಾದಿನಿ ಒಂದು ಟ್ರೇ ಎಳೆದುಕೊಂಡು ಸುಮ್ಮನೆ ಬಿಡಿಸಿ ಬಿಡಿಸಿ ಹಾಕತೊಡಗಿದಳು.

"ತೂಕ?" ಎಂದಳು ಅತ್ತಿಗೆ.

"ಟ್ರೇ ತುಂಬಿದ್ರೆ ತುಂಬ್ತು ಅಂತ ಕಣ್ಣಿಗೇ ಕಾಣುತ್ತಲ್ಲ ಅತ್ತಿಗೆ. ಹೂಕೋಸೇನು ಚಿನ್ನಾನಾ?"

"ಕಣ್ಣು ಮೋಸ ಮಾಡುತ್ತೆ, ತಕ್ಕಡಿ ಮಾಡಲ್ಲ. ನಿನಗೆ ಬೇಜಾರಾದ್ರೆ ಹೋಗಿ ಹಿಟ್ಟು ನಾದು."

"ಹೋಗ್ತೀನಿ ಬಿಡಿ. ನಿಮಗೂ ನಿಮ್ಮ ಹೂವಿಗೂ ನೆಮ್ಮದಿ."

ನಾದಿನಿ ಮೂತಿ ಊದಿಸಿಕೊಂಡು ಹಿಂದಿನ ಹಿಟ್ಟಿನ ಕೋಣೆಗೆ ಹೋದಳು. ಬ್ರೆಡ್ಡಿನ ಹಿಟ್ಟು ನಾದುವ ಯಂತ್ರ ಶುರುವಾದರೆ ಪಕ್ಕದಲ್ಲಿ ಗುಡುಗಿದರೂ ಕೇಳುವುದಿಲ್ಲ. ಪಾತ್ರೆ ತೊಳೆಯುವ ಹೆಂಗಸು ಎಂಟೂವರೆಗೆ ಬರುವವಳು. ಹಾಗಾಗಿ ಅತ್ತಿಗೆ ಮುಂದಿನ ಅಡುಗೆಮನೆಯಲ್ಲಿ ಒಬ್ಬಳೇ ಉಳಿದಳು.

ಏಳೂವರೆ ಹೊತ್ತಿಗೆ, ರೇಡಿಯೋದಲ್ಲಿ ವಾರ್ತೆ ಶುರುವಾಗಿತ್ತು, ನಾದಿನಿ ಉಪ್ಪಿನ ಡಬ್ಬಿಗೆಂದು ಮುಂದಿನ ಕೋಣೆಗೆ ಬಂದಳು. ಅತ್ತಿಗೆ ಬೆನ್ನು ಮಾಡಿ ನಿಂತು ಕೆಲಸ ಮಾಡುತ್ತಿದ್ದಳು. ಪಕ್ಕದಲ್ಲಿದ್ದ ಟ್ರೇಯಲ್ಲಿ ಹೂಕೋಸು ಬರೀ ಬಲಭಾಗದಲ್ಲಿ ಒತ್ತೊತ್ತಾಗಿ ಜೋಡಿಸಿತ್ತು. ಎಡಭಾಗ ಒರೆಸಿಟ್ಟ ಹಾಗೆ ಖಾಲಿ. ನಾದಿನಿಗೆ ನಗು ಬಂತು.

"ಏನತ್ತಿಗೆ, ಆ ಕಡೆ ಯಾರಿಗಾದ್ರೂ ಬಾಡಿಗೆಗೆ ಕೊಡ್ತೀರಾ?"

ಅತ್ತಿಗೆ ತಿರುಗಿ ನೋಡಲಿಲ್ಲ. "ಹೂ ಸರಿಯಿಲ್ಲ ಕಣೆ, ಅಳತೆಗೇ ಬರ್ತಿಲ್ಲ" ಎಂದಳು ಅಷ್ಟೆ. ಇನ್ನೂ ಕೋಪ ಇಳಿದಿಲ್ಲ ಎಂದುಕೊಂಡು ನಾದಿನಿ ಉಪ್ಪಿನ ಡಬ್ಬಿ ಹಿಡಿದು ಹೊರಟುಹೋದಳು.

ಎಂಟು ಗಂಟೆ ದಾಟಿದ ಮೇಲೆ ಯಂತ್ರ ನಿಲ್ಲಿಸಿದಾಗ ಮುಂದಿನ ಕೋಣೆಯಿಂದ ಕೂಗಾಟ ಕೇಳಿತು. ಅತ್ತಿಗೆ ಫೋನಿನಲ್ಲಿ ಡ್ರೈವರನನ್ನು ಹಿಡಿದು ಜಾಡಿಸುತ್ತಿದ್ದಳು.

"ಮೂವತ್ತಾರು ಕೆಜಿ ಬರಬೇಕಾದಲ್ಲಿ ಹತ್ತೊಂಬತ್ತು ಕೆಜಿ ಎಂಟುನೂರು ಗ್ರಾಂ! ಆರುನೂರರಿಂದ ಭಾಗಿಸಿ ನೋಡು, ಮೂವತ್ಮೂರೇ ಹೂ ಆಗುತ್ತೆ. ಇನ್ನಿಪ್ಪತ್ತೇಳು ಏನು ನಿಮ್ಮಪ್ಪನ ಮನೇಲಿ ಇಳಿಸಿದ್ಯಾ?"

ಡ್ರೈವರು ಮೂಗಿನ ಮೇಲೇ ಕೋಪ ಇರುವ ಮನುಷ್ಯ. ಪಕ್ಕದ ಬೀದಿಯಲ್ಲೇ ಇದ್ದವನು ಐದು ನಿಮಿಷದಲ್ಲಿ ವ್ಯಾನು ತಿರುಗಿಸಿಕೊಂಡು ಬಂದ. ಬಾಗಿಲಲ್ಲೇ ನಿಂತು ಒಮ್ಮೆ ಮೇಜಿನ ಕಡೆ ನೋಡಿದವನು ಗಟ್ಟಿಯಾಗಿ ನಕ್ಕುಬಿಟ್ಟ.

"ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ! ಇವೇನತ್ತಿಗೆ, ಇಲ್ಲಿ ಬಿದ್ದಿರೋದು ಹೂಕೋಸಲ್ವಾ?"

ನಾದಿನಿಯೂ ಆಗಲೇ ನೋಡಿದ್ದು. ಅತ್ತಿಗೆ ನಿಂತ ಜಾಗದಿಂದ ಬಲಕ್ಕೆ ಮೇಜು ಪೂರ್ತಿ ಖಾಲಿಯಾಗಿತ್ತು. ಎಡಕ್ಕೆ, ಆಕೆಯ ಮೊಣಕೈಯಿಂದ ಒಂದು ಗೇಣೂ ಇಲ್ಲದ ಜಾಗದಿಂದ ಮೇಜಿನ ತುದಿಯವರೆಗೆ ಹೂಕೋಸು ರಾಶಿ ಬಿದ್ದಿತ್ತು, ಎಲೆ ಕೂಡ ಬಿಡಿಸದೆ. ಡ್ರೈವರು ಬೆರಳಿಟ್ಟು ಎಣಿಸಿದ. ಸರಿಯಾಗಿ ಇಪ್ಪತ್ತೇಳು.

"ಎಲ್ಲಿ?" ಎಂದಳು ಅತ್ತಿಗೆ.

"ಇಲ್ಲೇ ಅತ್ತಿಗೆ, ನಿಮ್ಮ ಪಕ್ಕದಲ್ಲೇ."

ಅತ್ತಿಗೆ ಬಲಕ್ಕೆ ತಿರುಗಿದಳು. ಖಾಲಿ ಮೇಜು ನೋಡಿದಳು. "ನನ್ನ ಜೊತೆ ತಮಾಷೆ ಮಾಡಬೇಡಿ. ಇಲ್ಲೇನೂ ಇಲ್ಲ."

ಡ್ರೈವರನ ನಗು ಬಾಯಲ್ಲೇ ನಿಂತಿತು. ನಾದಿನಿ ಹತ್ತಿರ ಬಂದು ಒಂದು ಹೂ ಎತ್ತಿ ಅತ್ತಿಗೆಯ ಮುಖದ ಎಡಕ್ಕೆ ಹಿಡಿದಳು. ಅತ್ತಿಗೆ ಕಣ್ಣು ಮಿಟುಕಿಸಲಿಲ್ಲ. ಅದನ್ನೇ ನಿಧಾನವಾಗಿ ಮುಂದಕ್ಕೆ ತಂದು ಮೂಗಿನ ನೇರ ದಾಟಿಸಿದಾಗ ಆಕೆ ಬೆಚ್ಚಿಬಿದ್ದು ಒಂದು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ! ಇದೆಲ್ಲಿಂದ ಬಂತು?"

ಆಗ ನಾದಿನಿಯ ಕಣ್ಣು ಟ್ರೇಗಳ ಕಡೆ ಹೋಯಿತು. ಮೊದಲ ಮೂರು ಅಂಚಿನವರೆಗೆ ಸಮನಾಗಿ ತುಂಬಿದ್ದವು. ಅವುಗಳ ಆಚೆ ಏಳು ಟ್ರೇ, ಏಳೂ ಬಲಕ್ಕೆ ಅರ್ಧ. ಕೊನೆಯ ಎರಡರಲ್ಲಿ ಬಿಳಿ ಹೂವಿನ ಮೇಲೆ ಕೆಂಪು ಕೆಂಪು ಕಲೆ. ಅತ್ತಿಗೆಯ ಎಡಗೈಯ ಹೆಬ್ಬೆರಳು ಸೀಳಿ ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು. ಆಕೆಗೆ ಅದರ ಪರಿವೆಯೇ ಇರಲಿಲ್ಲ.

"ಕೈ ಕುಯ್ದುಕೊಂಡಿದ್ದೀರಿ ಅತ್ತಿಗೆ."

"ಎಲ್ಲಿ?" ಎನ್ನುತ್ತಾ ಆಕೆ ಬಲಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಚೆನ್ನಾಗೇ ಇದೆಯಲ್ಲ."

ಮೊದಲು ಚೇತರಿಸಿಕೊಂಡವನು ಡ್ರೈವರು. "ಆಂಬುಲೆನ್ಸ್ ಬರೋ ಅಷ್ಟರಲ್ಲಿ ನಾನು ಮುಟ್ಟಿಸಿರ್ತೀನಿ. ನಡೀರಿ" ಎಂದು ಅತ್ತಿಗೆಯ ತೋಳು ಹಿಡಿದ. ಆಕೆ ಬರಲು ಒಪ್ಪಲಿಲ್ಲ. ಅಡುಗೆ ಯಾರು ಮಾಡುತ್ತಾರೆ, ಮಧ್ಯಾಹ್ನ ಇನ್ನೂರ ನಲವತ್ತು ಜನ ಏನು ಗಾಳಿ ತಿನ್ನಬೇಕಾ ಎಂದು ಬೈದಳು. ಕೊನೆಗೆ ನಾದಿನಿ ಒಂದು ಸುಳ್ಳು ಹೇಳಿದಳು, ತರಕಾರಿ ಮಂಡಿಯಲ್ಲಿ ತೂಕದ ದೂರು ಕೊಡೋಣ ಬನ್ನಿ ಎಂದು. ದೂರು ಎಂದ ಕೂಡಲೇ ಅತ್ತಿಗೆ ತೂಕದ ಪುಸ್ತಕ ಎದೆಗವಚಿಕೊಂಡು ಹೊರಟಳು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಧಡ್ಡೆಂದು ಬಡಿಯಿತು. "ಯಾರೋ ಅದು ನೂಕಿದ್ದು?" ಎಂದಳು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಇದ್ದದ್ದು ವಯಸ್ಸಿನಲ್ಲಿ ಚಿಕ್ಕವಳಾದ ಒಬ್ಬ ಡಾಕ್ಟರು. ಮಾತು ಸಾವಕಾಶ, ಕೈ ಮಾತ್ರ ಚುರುಕು. ಒಂದು ಕಾಗದದ ಮೇಲೆ ಉದ್ದ ಗೆರೆ ಎಳೆದು, "ಇದರ ನಡುಮಧ್ಯೆ ಒಂದು ಗುರುತು ಹಾಕಿ ನೋಡೋಣ" ಎಂದಳು. ಕತ್ತಿ ಇಟ್ಟರೆ ಹೂವನ್ನು ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ಎರಡು ಮಾಡುವ ಹೆಂಗಸು ಅತ್ತಿಗೆ. ಆಕೆ ಧೈರ್ಯವಾಗಿ ಪೆನ್ನು ತಗೊಂಡು ಗೆರೆಯ ಬಲತುದಿಯ ಹತ್ತಿರ, ಇನ್ನು ಎರಡು ಬೆರಳಿದ್ದರೆ ಗೆರೆಯೇ ಮುಗಿಯುವ ಕಡೆ, ಗುರುತು ಹಾಕಿ ಕೊಟ್ಟಳು. "ಸರಿ ಇದೆಯಾ?" ಎಂದು ನಾದಿನಿಯ ಮುಖವನ್ನೂ ನೋಡಿದಳು.

ಡಾಕ್ಟರು ಹೊಲಿಗೆಗೆಂದು ಬಟ್ಟೆ ಸುತ್ತಿಟ್ಟಿದ್ದ ಎಡಗೈಯನ್ನು ಎತ್ತಿ ಅತ್ತಿಗೆಯ ಬಲಗಣ್ಣಿನ ಮುಂದೆ ತಂದಳು. "ಇದು ಯಾರ ಕೈ?"

ಅತ್ತಿಗೆ ಕೈಯನ್ನು ನೋಡಿದಳು. ಡಾಕ್ಟರ ಮುಖವನ್ನು ನೋಡಿದಳು. ಪಾಪ ಎನ್ನುವ ದನಿಯಲ್ಲಿ ಹೇಳಿದಳು, "ನಿಮ್ಮದೇ ಅಲ್ವಾ? ಪೆಟ್ಟಾಗಿದೆ, ನೋಡ್ಕೊಳ್ಳಿ."

ಸ್ಕ್ಯಾನ್ ಮುಗಿಸಿ ಬಂದ ಡಾಕ್ಟರು ನಾದಿನಿಯನ್ನು ಪಕ್ಕಕ್ಕೆ ಕರೆದಳು. ಮೆದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದಳು. ಕಣ್ಣು ಸರಿಯಾಗೇ ಇದೆ, ಆದರೆ ಎಡಗಡೆ ಅನ್ನೋದೊಂದು ಇದೆ ಎಂಬುದೇ ಮೆದುಳಿಗೆ ಮರೆತುಹೋಗಿದೆ ಎಂದಳು.

"ಹೆಪ್ಪು ಕರಗಿಸೋ ಮದ್ದು ಇದೆ. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಹೊತ್ತು ಮೀರಿದ ಮೇಲೆ ಕೊಟ್ರೆ ತಲೆಯೊಳಗೇ ರಕ್ತ ಹರಿಯೋ ಅಪಾಯ ಜಾಸ್ತಿ. ಈಗ ಒಂಬತ್ತೂ ಇಪ್ಪತ್ತು. ಇವರು ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ? ಅಂದಾಜು ಬೇಡ. ಬೆಳಿಗ್ಗೆ ಏಳುವಾಗಲೇ ಹೀಗಿದ್ರಾ?"

ನಾದಿನಿ ಬೆಳಗಿನಿಂದ ಆದದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಬಸ್ಸಿನಲ್ಲಿ ಸರಿಯಾಗಿದ್ದರು. ಬಸ್ಸಿನಲ್ಲಿ ಅತ್ತಿಗೆ ಕಿಟಕಿ ಪಕ್ಕ ಕೂತಿದ್ದರೋ ಈ ಪಕ್ಕವೋ? ಜಗಳ ಆಡುವಾಗ ಸರಿಯಾಗಿದ್ದರು. ಅದಾದ ಮೇಲೆ ತಾನು ನೋಡಿದ್ದು ಬೆನ್ನು ಮಾತ್ರ. ಕಣ್ಣಳತೆಯ ಮೇಲೆ ಬದುಕಿದವಳಿಗೆ ಆ ಹೊತ್ತಿನಲ್ಲಿ ಒಂದು ನಿಮಿಷವೂ ಖಚಿತವಾಗಿ ಸಿಗಲಿಲ್ಲ.

ಅಷ್ಟರಲ್ಲಿ ಹಾಸಿಗೆಯಿಂದ ಅತ್ತಿಗೆ ಕೂಗಿದಳು. "ಅವರಿಗೆ ಪುಸ್ತಕ ತೋರ್ಸೇ! ತೂಕ ಎಲ್ಲಾ ಬರ್ದಿಟ್ಟಿದೀನಿ!"

ನಾದಿನಿ ಪುಸ್ತಕ ಬಿಡಿಸಿದಳು. ಡಾಕ್ಟರು ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು. ಆರು ಮೂವತ್ತೈದು, ಒಂದನೇ ಟ್ರೇ, ಮೂರು ಕೆಜಿ. ಆರು ಐವತ್ತು, ಎರಡನೇ ಟ್ರೇ, ಮೂರು ಕೆಜಿ. ಏಳು ಐದು, ಮೂರನೇ ಟ್ರೇ, ಮೂರು ಕೆಜಿ. ಅದರ ಕೆಳಗೆ ಹೊತ್ತೂ ಇಲ್ಲ, ಟ್ರೇ ನಂಬರೂ ಇಲ್ಲ. ಹಾಳೆಯ ಬಲ ಅಂಚಿಗೆ ಅಂಟಿಕೊಂಡ ಹಾಗೆ ಒಂದೂವರೆ, ಒಂದೂವರೆ, ಒಂದೂವರೆ ಎಂದು ತೂಕ ಮಾತ್ರ ಇಳಿದು ಬಂದಿತ್ತು, ಕೊನೆಯದೊಂದು ಸ್ವಲ್ಪ ಹೆಚ್ಚು. ಎಡಗಡೆಯ ಬಿಳಿ ಜಾಗದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಡಾಕ್ಟರು ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ಸ್ಕ್ಯಾನ್ ಯಂತ್ರಕ್ಕೂ ಇಷ್ಟು ಚೆನ್ನಾಗಿ ಹೇಳಕ್ಕಾಗಲ್ಲ" ಎಂದಳು. "ಏಳು ಐದಕ್ಕೆ ಸರಿಯಾಗಿದ್ರು. ಆಮೇಲೆ ಯಾರಾದ್ರೂ ಇವರನ್ನ ನೋಡಿದ್ರಾ?"

"ನಾನು ನೋಡ್ದೆ" ಎಂದಳು ನಾದಿನಿ. "ಏಳೂವರೆಗೆ. ಟ್ರೇ ಅರ್ಧ ಖಾಲಿ ಇತ್ತು. ನಾನು... ನಾನು ನಕ್ಕು ಹೊರಟು ಹೋದೆ."

ಡಾಕ್ಟರು ಕಾಗದ ಮುಂದಿಟ್ಟಳು. ಮದ್ದಿನಿಂದ ಒಳ್ಳೆಯದಾಗಬಹುದು, ಏನೂ ಆಗದಿರಬಹುದು, ನೂರರಲ್ಲಿ ಕೆಲವರಿಗೆ ರಕ್ತಸ್ರಾವವಾಗಿ ಪ್ರಾಣಕ್ಕೂ ಕುತ್ತು ಬರಬಹುದು. ಮನೆಯವರ ಸಹಿ ಬೇಕು. ಮನೆಯವರು ಎಂದು ಈ ಲೋಕದಲ್ಲಿ ಅತ್ತಿಗೆಗೆ ಇದ್ದದ್ದು ಅವಳೊಬ್ಬಳೇ. ಅಳೆದೂ ಸುರಿದೂ ನಿರ್ಧಾರ ಮಾಡುವಷ್ಟು ಪುರಸೊತ್ತಿರಲಿಲ್ಲ. ಅವಳು ಸಹಿ ಹಾಕಿದಳು. ಅಕ್ಷರ ಅವಳದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಮದ್ದು ಏರಿಸಿದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತಳು. ಡ್ರೈವರು ಹೋಗಿರಲಿಲ್ಲ. ಪಕ್ಕದಲ್ಲಿ ಕೂತು ಟೋಪಿ ಹಿಂಡುತ್ತಿದ್ದ. ಮ್ಯಾನೇಜರು ಫೋನು ಮಾಡಿದ. ರಕ್ತವಾದ ಹೂವನ್ನೆಲ್ಲ ಎಸೆದು, ಉಳಿದಿದ್ದನ್ನು ಪಾತ್ರೆ ತೊಳೆಯುವ ಹೆಂಗಸೂ ತಾನೂ ಸೇರಿ ಬೇಯಿಸಿ ಸೂಪಿಗೆ ಹಾಕಿದ್ದೇವೆ, ಜನ ಉಣ್ಣುತ್ತಿದ್ದಾರೆ ಎಂದ. "ಒಬ್ಬರೂ ಕಮಕ್ ಕಿಮಕ್ ಅಂತಿಲ್ಲ. ಎಲ್ಲಾ ಅತ್ತಿಗೆ ಹೇಗಿದ್ದಾರೆ ಅಂತಾನೇ ಕೇಳ್ತಿದ್ದಾರೆ." ಅವಳ ಕಣ್ಣ ಮುಂದೆ ಆ ಟ್ರೇ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಬಾಡಿಗೆಗೆ ಕೊಡ್ತೀರಾ ಎಂದು ಕೇಳಿದ್ದೆನಲ್ಲ!

ರಕ್ತಸ್ರಾವವಾಗಲಿಲ್ಲ. ಮರುದಿನ ಅತ್ತಿಗೆ ತನ್ನ ಎಡಗೈಯನ್ನು ತನ್ನದೆಂದು ಒಪ್ಪಿಕೊಂಡಳು, ಹೊಲಿಗೆಯ ನೋವಿಗೆ ಬೈಯತೊಡಗಿದಳು. ಆ ಬೈಗುಳ ಕೇಳಿ ನಾದಿನಿ ಅತ್ತುಬಿಟ್ಟಳು. ಆದರೆ ಎಲ್ಲವೂ ಮರಳಲಿಲ್ಲ. ಊಟ ಕೊಟ್ಟರೆ ತಟ್ಟೆಯ ಬಲಭಾಗ ಮಾತ್ರ ಖಾಲಿ ಮಾಡಿ "ಇನ್ನೂ ಹಸಿವು, ಇಷ್ಟೇನಾ ಕೊಡೋದು?" ಎನ್ನುತ್ತಿದ್ದಳು. ನಾದಿನಿ ತಟ್ಟೆ ತಿರುಗಿಸಿಟ್ಟರೆ ಅನ್ನ ಗಾಳಿಯಿಂದ ಇಳಿದು ಬಂದ ಹಾಗೆ ದಿಗಿಲುಬಿದ್ದು ನೋಡುತ್ತಿದ್ದಳು.

"ಅತ್ತಿಗೆ, ಆ ಕಡೆ ಕತ್ತಲೆ ಕಾಣುತ್ತಾ?" ಎಂದು ಒಂದು ದಿನ ಕೇಳಿದಳು.

ಅತ್ತಿಗೆ ಮರುಪ್ರಶ್ನೆ ಹಾಕಿದಳು. "ನಿನ್ನ ತಲೆ ಹಿಂದೆ ನಿನಗೆ ಏನು ಕಾಣುತ್ತೆ?"

"ಏನೂ ಕಾಣಲ್ಲ."

"ಕತ್ತಲೆ ಕಾಣುತ್ತಾ?"

"ಇಲ್ಲ... ಅಲ್ಲಿ ನೋಡೋಕೇ ಏನೂ ಇಲ್ಲ."

"ಹಂಗೇ ಕಣೆ."

ಮನೆಗೆ ಬಂದು ಮೂರು ವಾರವಾಗಿತ್ತು. ವಾರಕ್ಕೆರಡು ಸಲ ಆಸ್ಪತ್ರೆಯಿಂದ ಒಬ್ಬಳು ತರಬೇತುದಾರಿ ಬಂದು ಎಡಕ್ಕೆ ತಿರುಗುವುದನ್ನು ಕಲಿಸುತ್ತಿದ್ದಳು. ಮೇಜಿನ, ತಟ್ಟೆಯ, ಹಾಸಿಗೆಯ, ಬಾಗಿಲಿನ ಎಡ ಅಂಚಿಗೆಲ್ಲ ಕೆಂಪು ಟೇಪು ಅಂಟಿಸಿ, ಮೊದಲು ಕೆಂಪು ಹುಡುಕಿ, ಆಮೇಲೆ ಕೆಲಸ ಮಾಡಿ ಎನ್ನುತ್ತಿದ್ದಳು. ಕುತ್ತಿಗೆ ನೋಯುತ್ತದೆ ಎಂದು ಗೊಣಗುತ್ತಲೇ ಅತ್ತಿಗೆ ಕಲಿಯುತ್ತಿದ್ದಳು. ಒಂದು ಮಧ್ಯಾಹ್ನ ತಾನಾಗಿಯೇ ತೂಕದ ಪುಸ್ತಕ ಕೇಳಿ ತೆಗೆಸಿಕೊಂಡಳು. ಮಂಡಿಯ ದೂರು ಅರ್ಧಕ್ಕೇ ನಿಂತಿದೆ ಎಂಬುದು ಇನ್ನೂ ಆಕೆಯ ತಲೆಯಲ್ಲಿತ್ತು. ಇಪ್ಪತ್ತೇಳು ಹೂ ಮೇಜಿನ ಮೇಲೇ ಇದ್ದವು ಎಂದು ಯಾರು ಎಷ್ಟು ಹೇಳಿದರೂ ಆಕೆ ನಂಬಿರಲಿಲ್ಲ.

ಪುಟ ತೆರೆದಳು. ಬಲಗಡೆಯಿಂದ ತೂಕ ಓದಿಕೊಂಡಳು. ಆಮೇಲೆ ಹೇಳಿಕೊಟ್ಟ ಹಾಗೆ ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸಿ ಹಾಳೆಯ ಅಂಚಿನವರೆಗೆ ಹೋದಳು. ಮೂರು ಸಾಲು ಹೊತ್ತು. ಅದರ ಕೆಳಗೆ ಏನೂ ಇಲ್ಲ. ಆಕೆಯ ಮುಖದ ಬಣ್ಣವೇ ಇಳಿದುಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಒಂದು ಸಾಲನ್ನೂ ಆಕೆ ಖಾಲಿ ಬಿಟ್ಟವಳಲ್ಲ.

"ಇದು ನಾನು ಬರ್ದಿದ್ದಾ?"

"ಹೂಂ."

"ಏಳು ಐದಾದ ಮೇಲೆ ನಾನು ಏನೇನೋ ಮಾಡ್ತಿದ್ದೆ, ನೀನು ಒಳಗಿದ್ದೆ."

ನಾದಿನಿ ಅಲ್ಲೇ ಹೇಳಿಬಿಟ್ಟಳು. ಉಪ್ಪಿನ ಡಬ್ಬಿಗೆ ಬಂದಿದ್ದು, ಅರ್ಧ ಟ್ರೇ ನೋಡಿದ್ದು, ನಕ್ಕಿದ್ದು. ಒಂದನ್ನೂ ಮುಚ್ಚಿಡಲಿಲ್ಲ.

ಅತ್ತಿಗೆ ಪುಸ್ತಕ ಮುಚ್ಚಿದಳು. ಆ ದಿನ ಮಾತಾಡಲಿಲ್ಲ. ಮರುದಿನವೂ ಇಲ್ಲ. ಬೈದಿದ್ದರೆ ನಾದಿನಿ ತಡೆದುಕೊಳ್ಳುತ್ತಿದ್ದಳು, ಈ ಮೌನ ಅವಳನ್ನು ಹಿಂಡಿಹಾಕಿತು. ಕ್ಯಾಂಟೀನಿನಲ್ಲಿ ಈಗ ಅವಳೇ ಹಿರಿಯ ಅಡುಗೆಯವಳು. ಹೋಗುತ್ತಿದ್ದಳು, ಬೇಯಿಸುತ್ತಿದ್ದಳು, ಮನೆಗೆ ಬಂದು ಅತ್ತಿಗೆಗೆ ಕಾಣಲೆಂದು ಆಕೆಯ ಹಾಸಿಗೆಯ ಬಲಕ್ಕೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಅತ್ತಿಗೆ ಕಿಟಕಿ ನೋಡುತ್ತಿದ್ದಳು.

ಮೂರನೆಯ ದಿನ ಸಂಜೆ ಆಕೆಯೇ ಬಾಯಿಬಿಟ್ಟಳು.

"ಸಿಟ್ಟು ಬಂದಿತ್ತು ನನಗೆ. ಈಗಲೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಆವತ್ತು ನಾನು ಬಂದಾಗ ನೀನು ಹಾಗೆ ಅರ್ಧ ತುಂಬ್ಸಿದ್ದಿದ್ರೆ, ನಾನು ನಗ್ತಿರ್ಲಿಲ್ಲ."

ನಾದಿನಿ ತಲೆ ಬಗ್ಗಿಸಿದಳು.

"ತಲೆ ಮೇಲೆ ಎರಡು ಬಿಟ್ಟು, ಟ್ರೇ ಕಿತ್ಕೊಂಡು ಆಚೆ ಕಳಿಸ್ತಿದ್ದೆ. ನನಗೂ ಗೊತ್ತಾಗ್ತಿರ್ಲಿಲ್ಲ ಕಣೆ."

ನಾದಿನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತಿಗೆ ಬಲಗೈಯಿಂದ ಅವಳ ಕುರ್ಚಿಯ ತೋಳು ಹಿಡಿದು ಅಲ್ಲಾಡಿಸಿದಳು.

"ಈ ಕಡೆ ಕೂರಬೇಡ. ಆ ತರಬೇತಿ ಹುಡುಗಿ ಏನು ಹೇಳಿದ್ಲು? ಬೇಕಾದವರು ಎಡಗಡೆ ಕೂತ್ರೆ ತಾನೆ ಕುತ್ತಿಗೆ ತಿರುಗೋದು. ಹೋಗು, ಆ ಕಡೆ ಹೋಗು."

ನಾದಿನಿ ಕುರ್ಚಿ ಎತ್ತಿಕೊಂಡು ಹಾಸಿಗೆ ಸುತ್ತಿ ಎಡಗಡೆಗೆ ಹೋಗಿ ಕೂತಳು. ಅತ್ತಿಗೆ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಕೋಣೆಯಲ್ಲಿ ತಾನೊಬ್ಬಳೇ ಎಂಬಂತೆ ಆಕೆಯ ಮುಖ ಖಾಲಿಯಾಯಿತು. ನಾದಿನಿ ಮಾತಾಡದೆ ಕಾದಳು. ತುಸು ಹೊತ್ತಿನ ಮೇಲೆ ಆಕೆಯ ಗದ್ದ ಅಲುಗಿತು. ಹಾಸಿಗೆಯಂಚಿನ ಕೆಂಪು ಟೇಪಿನವರೆಗೆ ಬಂತು, ಅಲ್ಲಿ ನಿಂತಿತು, ದಾಟಿತು.

"ಏನೇ, ಎಷ್ಟು ಸೊರಗಿದ್ದೀಯ" ಎಂದಳು ಅತ್ತಿಗೆ. "ಎರಡು ದಿನದಿಂದ ಉಂಡಿಲ್ವಾ?"